ಹಳದಿಯೊಳಗಿನ ಬುತ್ತಿ

ಶೆಟ್ಟಿಹಳ್ಳಿಯಲ್ಲಿ ಈಗ ನಸುಕಿನಲ್ಲಿ ಹುಂಜ ಕೂಗಿದರೆ ಅಪಾರ್ಟ್‌ಮೆಂಟಿನವರು ಕಿಟಕಿ ಎಳೆದುಕೊಳ್ಳುತ್ತಾರೆ. ಆದರೂ ಅದು ಕೂಗುತ್ತದೆ. ನಮ್ಮ ಬೀದಿಯ ತುದಿಗೆ ಎರಡು ಎತ್ತರದ ಕಟ್ಟಡಗಳ ನಡುವೆ ಒಂದು ಹಂಚಿನ ಮನೆ ಉಳಿದಿದೆ. ಆ ಮನೆಯ ಯಜಮಾನರ ರಾಗಿ ಹೊಲ ಯಾವತ್ತೋ ಸೈಟುಗಳಾಗಿ ಹೋಯಿತು. ಕೋಳಿ ಮಾತ್ರ ಬಿಟ್ಟಿಲ್ಲ. ಹತ್ತೋ ಹದಿನೈದೋ ನಾಟಿ ಕೋಳಿ, ಒಂದು ಮಂಕರಿ, ಬೆಕ್ಕು ಬಾರದ ಹಾಗೆ ಕಟ್ಟಿದ ತಂತಿ ಬಲೆ. ಈ ಸಲ ಅದರ ಜೊತೆಗೆ ಹೊರಗಿನಿಂದ ಒಂದು ದಿನದ ನಲವತ್ತು ಮರಿಗಳನ್ನೂ ತಂದು ಬಿಟ್ಟಿದ್ದರು.

ಒಂದು ತಿಂಗಳಾದ ಮೇಲೆ ಹಾಲು ತರುವಾಗ ಎದುರಾದರು. ಮುಖ ಚಿಕ್ಕದಾಗಿತ್ತು.

“ಅಲ್ಲಾ ಸಾ, ಕಣ್ಣಿಗೆ ತೊಟ್ಟು ಬಿಡ್ಸಿದ್ದೆ. ಹಂಗಿದ್ರೂ ಕೊಕ್ಕರೆ ಬಂದು ಅರ್ಧಕ್ಕರ್ಧ ಹೋದ್ವು. ಔಷ್ದೀನೇ ಸುಳ್ಳಾ?”

“ಯಾವತ್ತು ಬಿಡ್ಸಿದ್ರಿ ಯಜಮಾನ್ರೇ?”

“ತಂದ್ ದಿನಾನೇ. ಎಷ್ಟ್ ಬೇಗ ಹಾಕುದ್ರೆ ಅಷ್ಟ್ ಒಳ್ಳೇದಲ್ವಾ?”

ಅಲ್ಲ. ಕೋಳಿಮರಿಯ ವಿಚಾರದಲ್ಲಿ ಅದು ಅಷ್ಟು ಸರಳವಲ್ಲ. ಬೇಗ ಹಾಕಿದ್ದಕ್ಕೇ ಹೀಗಾಗಿರಬಹುದು ಎಂದರೆ ಅವರು ನಂಬಲಿಲ್ಲ. ನನ್ನದು ಪೇಟೆಯ ಮಾತು ಎಂಬ ನಗು ಅವರದು. ಅವತ್ತು ನಿಂತಲ್ಲೇ ಬಿಡಿಸಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೊಕ್ಕರೆ ರೋಗ ಅಂದರೆ ಪುಸ್ತಕದ ರಾಣಿಖೇತ್. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಜಾವಾ ದ್ವೀಪದಲ್ಲೂ 1926ರಲ್ಲಿ ಕಂಡ ಕಾಯಿಲೆ, ಆ ದಶಕ ಮುಗಿಯುವುದರೊಳಗೆ ಕುಮಾವೂ ಬೆಟ್ಟದ ರಾಣಿಖೇತ್‌ನಲ್ಲಿ ಕಾಣಿಸಿಕೊಂಡು ಇಂಡಿಯಾದಲ್ಲಿ ಆ ಹೆಸರು ಪಡೆಯಿತು. ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರು, ಕೊನೆಗೆ ಕತ್ತು ತಿರುಚಿಕೊಂಡು ಆಕಾಶ ನೋಡುತ್ತಾ ಸುತ್ತುವ ಮರಿ. ಒಮ್ಮೆ ಕಂಡವರು ಮರೆಯುವುದಿಲ್ಲ. ಬಂದ ಮೇಲೆ ಔಷಧಿಯಿಲ್ಲ. ಬರುವ ಮೊದಲು ಲಸಿಕೆ ಹಾಕಿಸುವುದೊಂದೇ ದಾರಿ.

ಆದರೆ ಮರಿ ಬರಿಗೈಯಲ್ಲಿ ಹುಟ್ಟಿರುವುದಿಲ್ಲ. ತಾಯಿಕೋಳಿ ಹಿಂದೆ ಕೊಕ್ಕರೆಯಿಂದ ನರಳಿ ಬದುಕಿದ್ದರೆ, ಅಥವಾ ಅದಕ್ಕೆ ಸರಿಯಾಗಿ ಲಸಿಕೆ ಬಿದ್ದಿದ್ದರೆ, ಅದರ ರಕ್ತದಲ್ಲಿ ಆ ವೈರಸ್ಸನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯಗಳು ಓಡಾಡುತ್ತಿರುತ್ತವೆ. ಮೊಟ್ಟೆಯ ಹಳದಿ ಅಂಡಾಶಯದಲ್ಲಿ ದಿನದಿನಕ್ಕೂ ಉಬ್ಬುವಾಗ ತಾಯಿ ಆ ಪ್ರತಿಕಾಯಗಳನ್ನು ಅದರೊಳಕ್ಕೆ ತುಂಬುತ್ತದೆ. ಒಂದು ಮೊಟ್ಟೆಗೆ ನೂರು ಮಿಲಿಗ್ರಾಂ ಆಸುಪಾಸು. ಅಷ್ಟರಲ್ಲಿ ಕೊಕ್ಕರೆಯೊಂದಕ್ಕೆ ಮಾತ್ರವಲ್ಲ, ತಾಯಿ ಇಲ್ಲಿಯವರೆಗೆ ಎದುರಿಸಿದ ಎಲ್ಲ ಕಾಯಿಲೆಗಳ ನೆನಪೂ ಇರುತ್ತದೆ. ಕಾವಿನ ಇಪ್ಪತ್ತೊಂದು ದಿನಗಳಲ್ಲಿ, ಅದರಲ್ಲೂ ಕೊನೆಯ ಮೂರು ದಿನಗಳಲ್ಲಿ, ಭ್ರೂಣ ಅದನ್ನು ಹಳದಿಯ ಚೀಲದ ಪೊರೆಯ ಮೂಲಕ ತನ್ನ ರಕ್ತಕ್ಕೆ ಎಳೆದುಕೊಳ್ಳುತ್ತದೆ. ಮೊಟ್ಟೆ ಒಡೆಯುವ ಮುನ್ನ ಉಳಿದ ಹಳದಿಯನ್ನು ಚೀಲದ ಸಮೇತ ಹೊಟ್ಟೆಯೊಳಗೇ ಸೇರಿಸಿಕೊಂಡು ಹೊರಗೆ ಬರುತ್ತದೆ. ಒಂದು ದಿನದ ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ನೀರು ಕಾಳು ಇಲ್ಲದೆ ದೂರದೂರಿಗೆ ಕಳಿಸಿದರೂ ತಡೆದುಕೊಳ್ಳುವುದು ಹೊಟ್ಟೆಯೊಳಗಿನ ಈ ಹಳದಿಯಿಂದ.

ಬುತ್ತಿ ಅನ್ನುವುದು ಇದಕ್ಕೇ. ಊರಿಂದ ಹೊರಟವನಿಗೆ ಅಮ್ಮ ಕಟ್ಟಿಕೊಟ್ಟ ರೊಟ್ಟಿ. ವಂಶದಿಂದ ಬಂದ ಹೊಲದ ಹಾಗೆ ಇದು ಮಕ್ಕಳು ಮೊಮ್ಮಕ್ಕಳವರೆಗೆ ಉಳಿಯುವುದಿಲ್ಲ. (ಶೆಟ್ಟಿಹಳ್ಳಿಯಲ್ಲಿ ಹೊಲವೂ ಉಳಿಯಲಿಲ್ಲ, ಅದು ಬೇರೆ ಮಾತು.) ಬುತ್ತಿ ತಿಂದಂತೆ ಖಾಲಿಯಾಗುತ್ತದೆ, ಮರಿಗೆ ಅದನ್ನು ಮತ್ತೆ ತುಂಬಿಕೊಳ್ಳಲು ಬರುವುದಿಲ್ಲ. ತಾಯಿಯ ರೋಗನಿರೋಧಕ ಶಕ್ತಿ ಹಳದಿಯ ಮೂಲಕ ದಾಟುತ್ತದೆಂದು ಫೆಲಿಕ್ಸ್ ಕ್ಲೆಂಪೆರರ್ ಎಂಬ ಜರ್ಮನ್ ವೈದ್ಯ 1893ರಲ್ಲೇ ತೋರಿಸಿದ್ದ. ಕೋಳಿಗಳಿಗೆ ಧನುರ್ವಾಯುವಿನ ವಿಷವನ್ನು ಕೊಟ್ಟು ಅಭ್ಯಾಸ ಮಾಡಿಸಿ, ಅವು ಇಟ್ಟ ಮೊಟ್ಟೆಯ ಹಳದಿಯನ್ನು ಇಲಿಗಳಿಗೆ ಚುಚ್ಚಿದ. ಆ ಇಲಿಗಳು ವಿಷಕ್ಕೆ ಸಾಯಲಿಲ್ಲ.

ತೊಡಕು ಇರುವುದು ಇಲ್ಲಿ. ಕಣ್ಣಿಗೆ ತೊಟ್ಟು ಬಿಡುವ ಎಫ್ ಸ್ಟ್ರೈನ್ ಅಥವಾ ಲಸೋಟಾ ಲಸಿಕೆಯಲ್ಲಿರುವುದು ಜೀವಂತ ವೈರಸ್ಸೇ, ಸಾಧುವಾದದ್ದು ಅಷ್ಟೆ. ಅದು ಮರಿಯ ದೇಹದಲ್ಲಿ ಒಂದಿಷ್ಟು ಬೆಳೆದರೆ ಮಾತ್ರ ಮರಿ ತನ್ನದೇ ಪ್ರತಿಕಾಯ ಮಾಡಲು ಕಲಿಯುತ್ತದೆ. ತಾಯಿ ಕೊಟ್ಟ ಪ್ರತಿಕಾಯಕ್ಕೆ ಕಾಯಿಲೆಯ ವೈರಸ್ ಯಾವುದು, ಲಸಿಕೆಯ ವೈರಸ್ ಯಾವುದು ಎಂಬ ಭೇದ ಗೊತ್ತಿಲ್ಲ. ಕಳ್ಳನನ್ನು ಕಚ್ಚುವ ನಾಯಿ ಪಾಠ ಹೇಳಲು ಬಂದ ಮೇಷ್ಟರನ್ನೂ ಕಚ್ಚಿ ಓಡಿಸಿದ ಹಾಗೆ. ಬುತ್ತಿ ತುಂಬಿರುವಾಗ ಲಸಿಕೆ ಹಾಕಿದರೆ ಬಹುಪಾಲು ಅಲ್ಲೇ ಮುಗಿಯುತ್ತದೆ. ಬುತ್ತಿ ಬರಿದಾಗಿ ವಾರ ಕಳೆದ ಮೇಲೆ ಹಾಕಿದರೆ ಅಷ್ಟರಲ್ಲಿ ನಿಜವಾದ ಕೊಕ್ಕರೆ ಬಂದು ಹೋಗಿರಬಹುದು. ಇವೆರಡರ ನಡುವೆ ಕೆಲವೇ ದಿನಗಳ ಒಂದು ಕಿಂಡಿ.

ಇದು ಕೋಳಿಯ ಕಥೆ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಮಕ್ಕಳಿಗೆ ದಡಾರದ ಮೊದಲ ಲಸಿಕೆಯನ್ನು ಹುಟ್ಟಿದ ಕೂಡಲೇ ಹಾಕದೆ ಒಂಬತ್ತು ತಿಂಗಳು ತುಂಬುವವರೆಗೆ ಕಾಯಿಸುವುದಕ್ಕೂ ಇದೇ ಕಾರಣ. ಅಮ್ಮನಿಂದ ಬಂದದ್ದು ಅಷ್ಟರ ಹೊತ್ತಿಗೆ ಸವೆದಿರುತ್ತದೆ. ಮನುಷ್ಯರಿಗೆ ತಿಂಗಳ ಲೆಕ್ಕ, ಕೋಳಿಗೆ ದಿನದ ಲೆಕ್ಕ.

ಹಾಗಾದರೆ ಈ ಮರಿಯ ಬುತ್ತಿಯಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯುವುದು ಹೇಗೆ? ಶೆಟ್ಟಿಹಳ್ಳಿಯಿಂದ ಪೂರ್ವಕ್ಕೆ ಹೋದರೆ ಹೆಬ್ಬಾಳ. ಅಲ್ಲಿ 1958ರಲ್ಲಿ ಶುರುವಾದ ಪಶುವೈದ್ಯ ಕಾಲೇಜಿದೆ. ಅದೇ ಹೆಬ್ಬಾಳದಲ್ಲಿ, ಹಿಂದೆ ದೊಡ್ಡರೋಗಕ್ಕೆ ಸೀರಂ ಮಾಡುತ್ತಿದ್ದ ಮೈಸೂರು ಸೀರಂ ಇನ್‌ಸ್ಟಿಟ್ಯೂಟಿನಿಂದ ಬೆಳೆದು ಬಂದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಿದೆ. ಸರ್ಕಾರದ ಕೊಕ್ಕರೆ ಲಸಿಕೆ ತಯಾರಾಗುವುದೂ ಅಲ್ಲೇ, ದಕ್ಷಿಣ ರಾಜ್ಯಗಳ ರೋಗಪತ್ತೆ ಪ್ರಯೋಗಾಲಯವಿರುವುದೂ ಅಲ್ಲೇ. ಇಂಥ ಕಡೆ ಮಾಡುವ ಪರೀಕ್ಷೆಗೆ ಎಚ್‌ಐ ಎನ್ನುತ್ತಾರೆ. ದುಬಾರಿ ಯಂತ್ರ ಬೇಡದ, ಕಣ್ಣಿಗೆ ಕಾಣುವ ಪರೀಕ್ಷೆ ಎಂಬ ಕಾರಣಕ್ಕೇ ನನಗೆ ಅದರ ಮೇಲೆ ಪ್ರೀತಿ.

ಕೊಕ್ಕರೆ ವೈರಸ್ಸಿಗೆ ಒಂದು ಚಾಳಿಯಿದೆ. ಕೆಂಪು ರಕ್ತಕಣಗಳ ಮೈಗೆ ಅಂಟಿಕೊಂಡು ಅವುಗಳನ್ನು ಒಂದಕ್ಕೊಂದು ಹೆಣೆದು ಬಲೆ ಮಾಡಿಬಿಡುತ್ತದೆ. ಪ್ರತಿಕಾಯ ಇದ್ದರೆ ವೈರಸ್ಸಿನ ಕೈ ಕಟ್ಟಿದಂತಾಗಿ ಕಣಗಳು ಬಿಡಿಬಿಡಿಯಾಗೇ ಉಳಿಯುತ್ತವೆ. ಇಷ್ಟೇ ತತ್ವ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯೊಂದರಲ್ಲಿ ಎಂಟು ಸಾಲು, ಸಾಲಿಗೆ ಹನ್ನೆರಡು ಗುಳಿ, ಒಟ್ಟು 96. ಚನ್ನೆಮಣೆಯನ್ನು ಕುಗ್ಗಿಸಿದ ಹಾಗೆ. ಮರಿಯ ರಕ್ತದಿಂದ ಬಸಿದ ಸೀರಮ್ಮನ್ನು ಮೊದಲ ಗುಳಿಗೆ ಹಾಕಿ ಸಮಪಾಲು ದ್ರಾವಣ ಬೆರೆಸುತ್ತಾರೆ. ಅದರಲ್ಲಿ ಅರ್ಧ ಎತ್ತಿ ಎರಡನೆಯದಕ್ಕೆ, ಅದರಲ್ಲಿ ಅರ್ಧ ಮೂರನೆಯದಕ್ಕೆ. ಮಜ್ಜಿಗೆಗೆ ನೀರು ಬೆರೆಸುತ್ತಾ ಹೋದಂತೆ ಎರಡರಲ್ಲೊಂದು, ನಾಲ್ಕರಲ್ಲೊಂದು, ಎಂಟರಲ್ಲೊಂದು. ಒಂದೊಂದು ಹನಿಯೂ ಮಿಲಿಲೀಟರಿನ ನಲವತ್ತನೇ ಒಂದು ಪಾಲು. ಮೇಲೆ ಅಳೆದ ವೈರಸ್ ಹಾಕಿ ಅರ್ಧ ಗಂಟೆ ಬಿಡುತ್ತಾರೆ. ಆಮೇಲೆ ತೊಳೆದು ತೆಳುಮಾಡಿದ ಕೋಳಿ ರಕ್ತಕಣ ಹಾಕಿ ಮತ್ತೆ ಅರ್ಧ ಮುಕ್ಕಾಲು ಗಂಟೆ ಕಾಯುತ್ತಾರೆ.

ಆಗ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಪ್ರತಿಕಾಯ ಗೆದ್ದ ಗುಳಿಯಲ್ಲಿ ಕಣಗಳೆಲ್ಲ ತಳಕ್ಕೆ ಜಾರಿ ಒಂದೆಡೆ ಸೇರಿ ಅಚ್ಚುಕಟ್ಟಾದ ಕೆಂಪು ಚುಕ್ಕೆ, ಹಣೆಗಿಟ್ಟ ಕುಂಕುಮದ ಹಾಗೆ. ವೈರಸ್ ಗೆದ್ದ ಗುಳಿಯಲ್ಲಿ ಚುಕ್ಕೆಯಿಲ್ಲ, ಗುಳಿಯ ತುಂಬ ಹರಡಿದ ಮಸುಕು ಗುಲಾಬಿ. ಸಂಶಯ ಬಂದರೆ ತಟ್ಟೆಯನ್ನು ಓರೆ ಮಾಡುತ್ತಾರೆ. ನಿಜವಾದ ಚುಕ್ಕೆಯಾದರೆ ಕಣ್ಣೀರಿನಂತೆ ಎಳೆಯಾಗಿ ಕೆಳಕ್ಕೆ ಹರಿಯುತ್ತದೆ. ಎಷ್ಟನೆಯ ಗುಳಿಯವರೆಗೆ ಚುಕ್ಕೆ ಬಂತೋ ಅದೇ ಆ ಮರಿಯ ಅಂಕ. ಆರನೆಯ ಗುಳಿಯವರೆಗೆ ಬಂದರೆ, ಅರವತ್ನಾಲ್ಕು ಪಾಲು ತೆಳುಮಾಡಿದರೂ ಪ್ರತಿಕಾಯ ಕೆಲಸ ಮಾಡಿತು ಎಂದರ್ಥ. ಆ ಮರಿಗೆ ಆರು ಅಂಕ.

ಉಳಿದದ್ದು ಬಾಯಿಲೆಕ್ಕ. ಕೊಕ್ಕರೆಗೆ ತಾಯಿ ಕೊಟ್ಟ ಪ್ರತಿಕಾಯ ಹೆಚ್ಚೂಕಮ್ಮಿ ನಾಲ್ಕೂವರೆ ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಅಂದರೆ ನಾಲ್ಕೂವರೆ ದಿನಕ್ಕೆ ಒಂದಂಕ ಕಡಿಮೆ. ಆರು ಅಂಕದ ಮರಿ ಮೂರಕ್ಕೆ ಬರಲು ಹದಿಮೂರು ಹದಿನಾಲ್ಕು ದಿನ. ಮೂರರ ಆಸುಪಾಸಿಗೆ ಬಂದಾಗ ಲಸಿಕೆಗೆ ದಾರಿ ಬಿಡುತ್ತದೆ, ಜೊತೆಗೆ ಕಾಯಿಲೆಗೂ ಬಿಡುತ್ತದೆ. ನಾಲ್ಕು ಅಂಕದ ಮರಿಗೆ ಈ ಹೊತ್ತು ಐದನೇ ದಿನಕ್ಕೇ ಬಂದಿರುತ್ತದೆ. ಎರಡು ಮರಿಯೂ ಒಂದೇ ಪೆಟ್ಟಿಗೆಯಲ್ಲಿ ಬಂದಿವೆ, ಒಂದೇ ದೀಪದಡಿ ಬೆಚ್ಚಗಿವೆ, ನೋಡಲು ಅವಳಿ. ಲಸಿಕೆಯ ದಿನದಲ್ಲಿ ಮಾತ್ರ ವಾರಕ್ಕೂ ಮೀರಿದ ಅಂತರ.

ಲಸಿಕೆ ಫಲಿಸದಿದ್ದಾಗ ಜನ ಸೀಸೆಯನ್ನು ಬೈಯುತ್ತಾರೆ, ಕಂಪನಿಯನ್ನು ಬೈಯುತ್ತಾರೆ, ಡಾಕ್ಟರನ್ನಂತೂ ಬೈದೇ ಬೈಯುತ್ತಾರೆ. ಐಸ್ ಇಲ್ಲದೆ ಬಸ್ಸಿನಲ್ಲಿ ಬಂದ ಸೀಸೆ ಕೆಟ್ಟಿರುವುದೂ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ತಾರೀಕನ್ನು ಅನುಮಾನಿಸುವವರು ಅಪರೂಪ. ಗೋಡೆಗೆ ಅಂಟಿಸಿದ ಚಾರ್ಟಿನಲ್ಲಿ ಐದರಿಂದ ಏಳನೇ ದಿನ ಕೊಕ್ಕರೆ, ಹದಿನಾಲ್ಕರ ಸುಮಾರಿಗೆ ಗಂಬೊರೊ, ಇಪ್ಪತ್ತೆಂಟಕ್ಕೆ ಮತ್ತೆ ಕೊಕ್ಕರೆ ಎಂದು ಅಚ್ಚಾಗಿರುತ್ತದೆ. ಒಳ್ಳೆಯ ಚಾರ್ಟೇ ಅದು. ಕಣ್ಣಿಗೆ ಬಿಟ್ಟ ತೊಟ್ಟು ರಕ್ತಕ್ಕೆ ಹೋಗುವ ಮೊದಲು ಕಣ್ಣಿನ ಹಿಂದಿನ ಗ್ರಂಥಿಯಲ್ಲೇ ಕೆಲಸ ಶುರುಮಾಡುವುದರಿಂದ ತಾಯಿಯ ಪ್ರತಿಕಾಯ ಸ್ವಲ್ಪ ಇದ್ದರೂ ಪೂರ್ತಿ ವ್ಯರ್ಥವಾಗುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿದು ಮಾಡಿದ್ದು. ಆದರೆ ಅದು ಸರಾಸರಿ ಮರಿಗೆ ಬರೆದದ್ದು, ಮತ್ತು ಸರಾಸರಿ ಮರಿ ಎಂಬುದು ಯಾವ ಪೆಟ್ಟಿಗೆಯಲ್ಲೂ ಸಿಗುವುದಿಲ್ಲ.

ಗಂಬೊರೊ ಎಂದೆನಲ್ಲ, ಅದರ ಕಥೆ ಇನ್ನೂ ಒಗಟು. ಅಮೆರಿಕದ ಡೆಲವೇರ್ ರಾಜ್ಯದ ಗಂಬೊರೊ ಎಂಬ ಊರಿನ ಬಳಿ ಕಂಡು 1962ರಲ್ಲಿ ವರದಿಯಾದ ಕಾಯಿಲೆ. ಆ ವೈರಸ್ ನೇರ ಹೋಗಿ ಕೂರುವುದು ಮರಿಯ ಗುದದ್ವಾರದ ಮೇಲಿರುವ ಪುಟ್ಟ ಚೀಲದೊಳಕ್ಕೆ. ಇಟಲಿಯ ಅಂಗರಚನಾ ಶಾಸ್ತ್ರಜ್ಞ ಫ್ಯಾಬ್ರಿಶಿಯಸ್‌ನ ಹೆಸರಲ್ಲಿ ಅದಕ್ಕೆ ಬರ್ಸಾ ಆಫ್ ಫ್ಯಾಬ್ರಿಶಿಯಸ್ ಎನ್ನುತ್ತಾರೆ. ಮುನ್ನೂರು ವರ್ಷ ಅದು ಏತಕ್ಕಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. 1950ರ ದಶಕದಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಎಳೆ ಕೋಳಿಗಳ ಈ ಚೀಲ ತೆಗೆದುಹಾಕಿ ಏನಾಗುತ್ತದೆಂದು ನೋಡುತ್ತಿದ್ದ. ಅಂಥದ್ದೇನೂ ಆಗಲಿಲ್ಲ. ಅವನ ಗೆಳೆಯ ತಿಮೊಥಿ ಚಾಂಗ್‌ಗೆ ತರಗತಿಯಲ್ಲಿ ಪ್ರತಿಕಾಯ ಹುಟ್ಟುವುದನ್ನು ತೋರಿಸಲು ಕೋಳಿ ಬೇಕಿತ್ತು, ಗ್ಲಿಕ್‌ನ ಕೋಳಿಗಳನ್ನೇ ಎತ್ತಿಕೊಂಡು ಹೋದ. ಪಾಠ ಕೆಟ್ಟಿತು. ಚೀಲ ಕಳೆದುಕೊಂಡ ಕೋಳಿಗಳಲ್ಲಿ ಪ್ರತಿಕಾಯವೇ ಹುಟ್ಟಲಿಲ್ಲ. 1956ರಲ್ಲಿ ಅವರ ಲೇಖನ ಕೋಳಿ ಸಾಕಣೆಯ ಪತ್ರಿಕೆಯೊಂದರಲ್ಲಿ ಬಂತು. ಇವತ್ತು ನಮ್ಮ ರಕ್ತದಲ್ಲಿ ಪ್ರತಿಕಾಯ ಮಾಡುವ ಕಣಗಳಿಗೆ ಬಿ ಕಣ ಎನ್ನುತ್ತೇವಲ್ಲ, ಆ ‘ಬಿ’ ಬಂದದ್ದು ಕೋಳಿಯ ಆ ಬರ್ಸಾದಿಂದ.

ಗಂಬೊರೊ ಅದನ್ನೇ ಹಾಳುಗೆಡವುತ್ತದೆ. ಪ್ರತಿಕಾಯ ಮಾಡುವ ಕಾರ್ಖಾನೆಗೇ ಬೆಂಕಿ. ಎಳೆ ವಯಸ್ಸಿನಲ್ಲಿ ಅದು ಬಂದು ಹೋದ ಮರಿಗೆ ಆಮೇಲೆ ಕೊಕ್ಕರೆ ಲಸಿಕೆ ಎಷ್ಟೇ ಸರಿಯಾದ ದಿನ ಹಾಕಿದರೂ ಮೈಗೆ ಹತ್ತುವುದಿಲ್ಲ. ಯಜಮಾನರ ಮರಿಗಳ ಸಾವಿಗೆ ಇದೂ ಒಂದು ಕಾರಣ ಆಗಿದ್ದಿರಬಹುದು. ಈ ಕಾಯಿಲೆಗೆ ಮೊದಲ ವಾರಗಳಲ್ಲಿ ಮುಖ್ಯ ರಕ್ಷೆ ತಾಯಿಯ ಬುತ್ತಿಯೇ. ಲಸಿಕೆಯ ದಿನ ಗೊತ್ತುಮಾಡಲು ನೆದರ್‌ಲೆಂಡ್ಸ್‌ನವರು ಡೆವೆಂಟರ್ ಸೂತ್ರ ಎಂಬುದನ್ನು ಕೊಟ್ಟಿದ್ದಾರೆ. ಇಲ್ಲಿ ಗುಳಿ ಎಣಿಸುವ ಬದಲು ಎಲೈಜಾ ಯಂತ್ರ ಅಂಕ ಕೊಡುತ್ತದೆ. ಬ್ರಾಯ್ಲರ್ ಮರಿಯ ಅಂಕ 4000 ಇದೆ, ಹಾಕಲಿರುವ ಲಸಿಕೆ 500ರ ಗೋಡೆಯನ್ನು ಮುರಿಯಬಲ್ಲದು ಎನ್ನಿ. ನಾಲ್ಕು ಸಾವಿರ ಎರಡಾಗಿ, ಒಂದಾಗಿ, ಐನೂರಾಗಲು ಮೂರು ಸಲ ಅರ್ಧವಾಗಬೇಕು. ಬ್ರಾಯ್ಲರ್‌ನಲ್ಲಿ ಅರ್ಧಕ್ಕೆ ಮೂರು ದಿನ, ಅಲ್ಲಿಗೆ ಒಂಬತ್ತು ದಿನ. ಒಂದು ಎಚ್ಚರಿಕೆ ಬೇಕು. ಮರಿ ಹುಟ್ಟಿದ ದಿನವೇ ರಕ್ತ ತೆಗೆದರೆ ಹೊಟ್ಟೆಯೊಳಗಿನ ಹಳದಿ ಇನ್ನೂ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ. ಅದಕ್ಕೆ ಲೆಕ್ಕದಲ್ಲಿ ಮೂರು ನಾಲ್ಕು ದಿನ ಕೂಡಿಸಬೇಕು.

ರಕ್ತ ತೆಗೆಯುವ ಮಾತು ಬಂತು, ಮುಚ್ಚಿಡಬಾರದು. ನಲವತ್ತು ಗ್ರಾಂ ತೂಗುವ ಮರಿಯಿಂದ ಪರೀಕ್ಷೆಗೆ ಸಾಕಾಗುವಷ್ಟು ರಕ್ತ ತೆಗೆದರೆ ಆ ಮರಿ ಎಷ್ಟೋ ಸಲ ಹಿಂಡಿಗೆ ವಾಪಸಾಗುವುದಿಲ್ಲ. ಸಾವಿರ ಉಳಿಸಲು ಇಪ್ಪತ್ತು ಎಂಬ ಲೆಕ್ಕ ದೊಡ್ಡ ಫಾರಂಗೆ ಸರಿ. ಒಂದೇ ತಾಯಿ ಹಿಂಡಿನ ಮೊಟ್ಟೆಯಲ್ಲಿ ಕೆಲವನ್ನು ಒಡೆದು ಹಳದಿಯನ್ನೇ ಪರೀಕ್ಷಿಸಿದರೂ ಅಂದಾಜು ಸಿಗುತ್ತದೆ, ಮರಿಯನ್ನು ಮುಟ್ಟಬೇಕಾಗಿಲ್ಲ.

ದೊಡ್ಡಬಳ್ಳಾಪುರ, ಕೋಲಾರದ ಕಡೆ ಕಂಪನಿಗೆ ಕೋಳಿ ಸಾಕಿಕೊಡುವ ರೈತನಿಗೆ ಈ ಲೆಕ್ಕ ಯಾರೋ ಮಾಡಿ ಕಳಿಸುತ್ತಾರೆ. ನಲವತ್ತು ಮರಿಯವರು ಯಾರನ್ನು ಕೇಳಬೇಕು? ಹೆಬ್ಬಾಳಕ್ಕೆ ಇಪ್ಪತ್ತು ಮರಿ ಹೊತ್ತುಕೊಂಡು ಹೋದರೆ ಮನೆಯಲ್ಲಿ ಉಳಿಯುವುದೇ ಇಪ್ಪತ್ತು. ನನ್ನ ಮಟ್ಟಿಗೆ ಇದಕ್ಕೆ ಒಂದು ಸುಲಭದ ದಾರಿಯಿದೆ. ಮರಿ ಮಾರುವವರು ಪೆಟ್ಟಿಗೆಯ ಮೇಲೆ ತಾಯಿ ಹಿಂಡಿಗೆ ಕೊಕ್ಕರೆ, ಗಂಬೊರೊ ಲಸಿಕೆ ಕೊನೆಯ ಬಾರಿ ಯಾವಾಗ ಬಿತ್ತು ಎಂಬ ಒಂದು ಸಾಲು ಅಚ್ಚುಹಾಕಲಿ. ಹಾಲಿನ ಪ್ಯಾಕೆಟ್ಟಿಗೆ ತಾರೀಕು ಹಾಕುವವರಿಗೆ ಇದು ಭಾರವಲ್ಲ. ತಾಯಿಯ ತಾರೀಕು ಗೊತ್ತಾದರೆ ಮರಿಯ ತಾರೀಕನ್ನು ಊರ ಪಶು ಆಸ್ಪತ್ರೆಯ ಡಾಕ್ಟರು ಊಹಿಸಬಲ್ಲರು.

ಸೈಕಲ್ಲಿನಲ್ಲಿ ಬುಟ್ಟಿ ಕಟ್ಟಿಕೊಂಡು ಗುಲಾಬಿ, ಹಸಿರು, ನೇರಳೆ ಬಣ್ಣ ಹಚ್ಚಿದ ಮರಿಗಳನ್ನು ಶಾಲೆ ಬಿಡುವ ಹೊತ್ತಿಗೆ ಮಾರಲು ಬರುತ್ತಾರಲ್ಲ, ಅವು ಬಹುತೇಕ ಮೊಟ್ಟೆ ತಳಿಯ ಗಂಡು ಮರಿಗಳು, ಹ್ಯಾಚರಿಗೆ ಬೇಡವಾದವು. ವ್ಯವಸ್ಥಿತವಾಗಿ ಲಸಿಕೆ ಬಿದ್ದ ತಾಯಂದಿರ ಮಕ್ಕಳಾದ್ದರಿಂದ ಅವುಗಳ ಬುತ್ತಿಯೇನೂ ಕಡಿಮೆಯಲ್ಲ. ಮೂರನೇ ದಿನಕ್ಕೆ ಅವು ಸಾಯುವುದು ಚಳಿಗೆ, ಮಕ್ಕಳ ಮುದ್ದಿಗೆ. ಅದಕ್ಕೆ ಪ್ರತಿಕಾಯ ಇಲ್ಲ. ಇನ್ನು ಹಕ್ಕಿಜ್ವರದಂಥದಕ್ಕೆ ಈ ಲೆಕ್ಕಾಚಾರವೇ ನಡೆಯುವುದಿಲ್ಲ. 2012ರ ಅಕ್ಟೋಬರಿನಲ್ಲಿ ಇಲ್ಲೇ ಹತ್ತಿರದ ಹೆಸರಘಟ್ಟದ ಕೇಂದ್ರ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಟರ್ಕಿ ಕೋಳಿಗಳು ಎಚ್‌5ಎನ್‌1ನಿಂದ ಸತ್ತಾಗ, ಉಳಿದ ಸಾವಿರಾರು ಹಕ್ಕಿಗಳನ್ನೂ ಕೊಂದು ಹೂಳಬೇಕಾಯಿತು.

ಯಜಮಾನರು ಈಗ ಮತ್ತೆ ಶುರುಮಾಡಿದ್ದಾರೆ. ಹೊರಗಿನ ಮರಿ ಬೇಡ ಎಂದು ಹಟ. ಅವರ ಕಪ್ಪು ಹೇಟೆ ಕಾವಿಗೆ ಕೂತಿದೆ, ಅಡಿಯಲ್ಲಿ ಹದಿಮೂರು ಮೊಟ್ಟೆ. ಹೋಗಿ ನೋಡಿದರೆ ಮೊಟ್ಟೆಗಳ ಮೇಲೆ ಇದ್ದಿಲಿನ ಗುರುತು. ಒಂದು ಗೆರೆಯವು ಮನೆಯದೇ ಕೋಳಿಯವು. ಎರಡು ಗೆರೆಯವು ಅಬ್ಬಿಗೆರೆಯ ನೆಂಟರ ಮನೆಯಿಂದ ತಂದವು. ಸುತ್ತು ಹಾಕಿದವು ಯಾರೋ ಕೊಟ್ಟ ಗಿರಿರಾಜನ ಮೊಟ್ಟೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಹಿತ್ತಲಿಗೆಂದೇ ಬೆಳೆಸಿದ ತಳಿ ಅದು.

“ಈ ಕರೀದು ಹೋದ್ಸಾರಿ ಕೊಕ್ಕರೆ ಬಂದ್ರೂ ಉಳ್ಕೊಂಡಿದ್ದು ಸಾ. ಇದ್ರಡೀಲಿ ಕೂತ್ ಮರಿ ಎಲ್ಲಾ ಗಟ್ಟಿ ಆಯ್ತವೆ ಬುಡಿ.”

ಕಾವು ಕೊಡುವ ಕೋಳಿ ಬಿಸಿ ಮಾತ್ರ ಕೊಡುತ್ತದೆ ಯಜಮಾನ್ರೇ, ಬುತ್ತಿ ಕಟ್ಟುವುದು ಮೊಟ್ಟೆ ಇಟ್ಟ ಕೋಳಿ ಎಂದೆ. ಒಂದು ಗೆರೆಯವುಗಳಲ್ಲಿ ಕರಿದರದ್ದೇ ಮೊಟ್ಟೆ ಇದ್ದರೆ ಆ ಮರಿಗಳ ಅಂಕ ಜಾಸ್ತಿ ಇರಬಹುದು. ಎರಡು ಗೆರೆಯವಕ್ಕೆ ಅಬ್ಬಿಗೆರೆಯ ಕೋಳಿಗೆ ಯಾರೂ ಲಸಿಕೆ ಹಾಕಿಸದಿದ್ದರೆ ಸೊನ್ನೆಯೂ ಇರಬಹುದು. ಅವಕ್ಕೆ ಮೊದಲ ದಿನದ ತೊಟ್ಟೇ ಸರಿ. ಯಜಮಾನರು ಈ ಸಲ ನಗಲಿಲ್ಲ. ಬಗ್ಗಿ ಹೇಟೆಯನ್ನು ಸ್ವಲ್ಪ ಸರಿಸಿ ಗುರುತುಗಳನ್ನು ನೋಡುತ್ತಾ ಕೂತರು. ಅದು ಕುಕ್ಕಿತು.

“ಗೆರೆ ಇರೋದು ಚಿಪ್ಪಿನ ಮೇಲಲ್ವಾ ಸಾ. ಒಡೆದು ಈಚೆಗ್ ಬಂದ್ಮೇಲೆ ಯಾವ್ದು ಯಾರ್ದು ಅಂತ ಹೆಂಗ್ ಕಂಡ್ಹಿಡಿಯೋದು?”

ಪಶು ಆಸ್ಪತ್ರೆಯ ಡಾಕ್ಟರನ್ನು ಕೇಳಿಕೊಂಡು ಬಂದಿದ್ದಾರೆ. ಏಳನೇ ದಿನ ಎಲ್ಲಕ್ಕೂ ಒಂದು ತೊಟ್ಟು, ಇಪ್ಪತ್ತೆಂಟನೇ ದಿನ ಎಲ್ಲಕ್ಕೂ ಇನ್ನೊಂದು. ಮೊದಲನೆಯದು ಬುತ್ತಿ ಇಲ್ಲದವಕ್ಕೆ, ಎರಡನೆಯದು ಬುತ್ತಿ ಇದ್ದು ಮೊದಲನೆಯದನ್ನು ಓಡಿಸಿದವಕ್ಕೆ. ಒಂದು ಸೀಸೆ ಒಡೆದರೆ ನೂರು ಮರಿಗೆ ಆಗುತ್ತದೆ, ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹದಿಮೂರಕ್ಕೆ ಒಡೆಯುವುದು ದಂಡ ಎಂದು ಅವರು ಅಬ್ಬಿಗೆರೆಯ ನೆಂಟರಿಗೂ ಪಕ್ಕದ ಬೀದಿಯ ಇಬ್ಬರಿಗೂ ಆ ದಿನ ಬೆಳಿಗ್ಗೆಯೇ ಮರಿ ತರಲು ಫೋನ್ ಮಾಡಿ ಹೇಳಿದ್ದಾರೆ.